ಎಕ್ಸ್‌ಟೆಕ್ಸ್ಟ್: ಕೋಡ್ ಬರದಿದ್ದಾಗ ಬಾಯಿಯನ್ನೇ ಬಿಡದ ಸಲಕರಣೆ

ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ನನ್ನ ಮೇಜಿನ ಪಕ್ಕ ಬಂದು ನಿಂತಳು.

"ಮೇಡಂ, ಫೈಲ್ ಸೇವ್ ಮಾಡಿದೆ. ಏನೂ ಆಗ್ತಿಲ್ಲ."

ಏನು ಎರರ್ ಬಂತು ಅಂತ ಕೇಳಿದೆ.

"ಅದೇ ಮೇಡಂ, ಎರರ್ ಕೂಡ ಇಲ್ಲ."

ಎಕ್ಸ್‌ಟೆಕ್ಸ್ಟ್ ಬಗ್ಗೆ ಒಂದೇ ಮಾತಿನಲ್ಲಿ ವಿಮರ್ಶೆ ಬರಿ ಅಂದರೆ ನಾನು ಅವಳ ಈ ಮಾತನ್ನೇ ಬರೆದು ಕೊಟ್ಟುಬಿಡುತ್ತೇನೆ. ಆರು ವರ್ಷದಿಂದ ಇದರ ಜೊತೆ ಏಗುತ್ತಿದ್ದೇನೆ. ಬೇರೆಯವರು ಬರೆದಿಟ್ಟು ಹೋದ ಒಂದು ಪುಟ್ಟ ಭಾಷೆ ನನ್ನ ಪಾಲಿಗೆ ಬಂತು. ಸಾಧನಗಳ ನಡುವೆ ಓಡಾಡುವ ಸಂದೇಶಗಳನ್ನು ಅದರಲ್ಲಿ ಬರೆಯುತ್ತೇವೆ. ಯಾವ ಸಂದೇಶ, ಅದರಲ್ಲಿ ಯಾವ ಫೀಲ್ಡ್, ಅದರ ಟೈಪ್ ಏನು, ಇಷ್ಟೇ. ಅದರಿಂದ ಜಾವಾ ಕ್ಲಾಸ್‌ಗಳು ತಾವಾಗಿಯೇ ಹುಟ್ಟಬೇಕು. ಹೆಚ್ಚಿನ ದಿನ ಹುಟ್ಟುತ್ತವೆ.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಎಕ್ಸ್‌ಟೆಕ್ಸ್ಟ್ ಅಂದರೆ ನಿಮ್ಮದೇ ಭಾಷೆ ಕಟ್ಟಿಕೊಳ್ಳುವ ಚೌಕಟ್ಟು. ಓಪನ್ ಸೋರ್ಸ್, ಕೋಡ್ ಬರೆಯುವ ತಂತ್ರಾಂಶ ಎಕ್ಲಿಪ್ಸ್‌ನ ಬಳಗದ್ದು. ನೀವು ಗ್ರಾಮರ್ (ಭಾಷೆಯ ನಿಯಮಗಳು) ಬರೆದರೆ ಪಠ್ಯವನ್ನು ಓದಿ ಬಿಡಿಸುವ ಪಾರ್ಸರ್, ಓದಿದ್ದನ್ನು ಹಿಡಿದಿಡುವ ಮಾಡೆಲ್ ಕ್ಲಾಸ್‌ಗಳು, ಬಣ್ಣ ಹಚ್ಚಿ ತಪ್ಪು ತೋರಿಸುವ ಎಡಿಟರ್, ಎಲ್ಲವನ್ನೂ ಅದೇ ಮಾಡಿಕೊಡುತ್ತದೆ. ಪಾರ್ಸರ್‌ಗೆ ಒಳಗೆ ಆಂಟ್ಲರ್ ಅನ್ನುವ ಸಲಕರಣೆ, ಮಾಡೆಲ್‌ಗೆ ಇಎಂಎಫ್ ಅನ್ನುವ ಇನ್ನೊಂದು. ಮಾಡೆಲ್‌ನಿಂದ ಏನು ಹುಟ್ಟಬೇಕು ಅನ್ನುವ ಜನರೇಟರ್ ಮಾತ್ರ ನಾವು ಬರೆಯಬೇಕು. 2011ರ 2.0 ಆವೃತ್ತಿಯಿಂದ ಅದಕ್ಕೆ ಎಕ್ಸ್‌ಟೆಂಡ್ ಅನ್ನುವ ಭಾಷೆ ಜೊತೆಗೇ ಬರುತ್ತದೆ.

ಮೊದಲು ಒಳ್ಳೆಯ ಮಾತು. ಎಕ್ಸ್‌ಟೆಂಡ್ ಟೆಂಪ್ಲೇಟ್‌ನಷ್ಟು ಓದಲು ಸುಖವಾದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಮೂರು ಉದ್ಧರಣ ಚಿಹ್ನೆಗಳ ನಡುವೆ ಹುಟ್ಟಬೇಕಾದ ಕೋಡನ್ನು ಇದ್ದ ಹಾಗೇ ಬರೆಯಿರಿ. ಬದಲಾಗುವ ಜಾಗದಲ್ಲಿ « » ಹಾಕಿ ಒಳಗೆ ಹೆಸರು ತುಂಬಿ. ಯಾವ ಖಾಲಿ ಜಾಗ ಔಟ್‌ಪುಟ್‌ಗೆ ಹೋಗುತ್ತದೆ, ಯಾವುದು ಬರೀ ನಿಮ್ಮ ಟೆಂಪ್ಲೇಟ್‌ನ ಅಂದಕ್ಕೆ ಇರುವುದು ಅನ್ನುವುದನ್ನು ಎಡಿಟರ್ ಬೂದು ಬಣ್ಣದಲ್ಲಿ ಬೇರೆ ಮಾಡಿ ತೋರಿಸುತ್ತದೆ. ಹುಟ್ಟಿದ ಕೋಡ್ ಕೈಯಲ್ಲಿ ಬರೆದಷ್ಟೇ ನೀಟಾಗಿ ಬರುತ್ತದೆ. ಸ್ಟ್ರಿಂಗ್ ಗೆ ಸ್ಟ್ರಿಂಗ್ ಕೂಡಿಸಿ ಕೂಡಿಸಿ ಜನರೇಟರ್ ಬರೆದವರಿಗೆ ಇದರ ಬೆಲೆ ಗೊತ್ತು.

ಈಗ ಆ ಹುಡುಗಿಯ ಕಥೆಗೆ ಬರೋಣ. ಹೊಸ ಪ್ರಾಜೆಕ್ಟ್‌ನಲ್ಲಿ ನಮ್ಮ ಭಾಷೆಯ ಮೊದಲ ಫೈಲ್ ತೆರೆದಾಗ ಎಕ್ಲಿಪ್ಸ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಎಕ್ಸ್‌ಟೆಕ್ಸ್ಟ್ ಪ್ರಾಜೆಕ್ಟ್ ಮಾಡಲೇ? ಅವಳಿಗೆ ಅದೇನು ಅಂತ ಗೊತ್ತಾಗಲಿಲ್ಲ. ಬೇಡ ಅಂದಳು. ಮತ್ತೆ ಕೇಳಬಾರದು ಅಂತ ಕೆಳಗಿನ ಚೌಕಕ್ಕೆ ಟಿಕ್ ಕೂಡ ಹಾಕಿದಳು. ಯಾರಾದರೂ ಮಾಡುವುದು ಅದನ್ನೇ ಅಲ್ವಾ? ಆಮೇಲೆ ಎಡಿಟರ್ ಚೆನ್ನಾಗಿಯೇ ತೆರೆಯುತ್ತದೆ. ಬಣ್ಣ ಬರುತ್ತದೆ. ಒಂದೇ ಫೈಲ್ ಒಳಗಿನ ಹೆಸರುಗಳೂ ಕೂಡಿಕೊಳ್ಳುತ್ತವೆ. ಆದರೆ ಜನರೇಟರನ್ನು ಕರೆಯುವ ಬಿಲ್ಡರ್ ಆ ಪ್ರಾಜೆಕ್ಟ್ ಕಡೆ ತಿರುಗಿಯೂ ನೋಡುವುದಿಲ್ಲ. ಸೇವ್ ಮಾಡಿದರೂ ಜನರೇಟರ್ ಓಡುವುದಿಲ್ಲ. ಹುಟ್ಟಿದ ಕೋಡ್ ಕೂರಬೇಕಾದ ಎಸ್‌ಆರ್‌ಸಿ-ಜೆನ್ ಫೋಲ್ಡರ್ ಹುಟ್ಟುವುದೇ ಇಲ್ಲ.

ಪ್ರಾಜೆಕ್ಟ್ ಮೇಲೆ ಬಲ ಕ್ಲಿಕ್ ಮಾಡಿ ಎಕ್ಸ್‌ಟೆಕ್ಸ್ಟ್ ನೇಚರ್, ಅಂದರೆ ಇದು ಎಕ್ಸ್‌ಟೆಕ್ಸ್ಟ್ ಪ್ರಾಜೆಕ್ಟ್ ಅನ್ನುವ ಗುರುತು, ಸೇರಿಸಿದ ಮೇಲೆ ಎಲ್ಲ ಸರಿಹೋಯಿತು. ಎರಡು ಕ್ಲಿಕ್‌ನ ಕೆಲಸ. ಅವಳು ಕಳೆದದ್ದು ಒಂದೂವರೆ ದಿನ. ಜನರೇಟರ್‌ನಲ್ಲೇ ತಪ್ಪಿದೆ ಅಂತ ಅದರ ಪ್ರತಿ ಸಾಲಿಗೂ ಬ್ರೇಕ್‌ಪಾಯಿಂಟ್ (ಓಟ ನಿಲ್ಲಿಸಿ ನೋಡುವ ಗುರುತು) ಇಟ್ಟು ಕೂತಿದ್ದಳು ಪಾಪ. ಒಂದು ಬ್ರೇಕ್‌ಪಾಯಿಂಟ್‌ನಲ್ಲೂ ಓಟ ನಿಲ್ಲಲಿಲ್ಲ. ಅದೇ ಸುಳಿವು, ನೋಡಿ. ಜನರೇಟರ್ ತಪ್ಪು ಮಾಡುತ್ತಿರಲಿಲ್ಲ, ಅದನ್ನು ಯಾರೂ ಕರೆದೇ ಇರಲಿಲ್ಲ.

ಈಗ ಯಾರೇ ಬಂದು ಕೋಡ್ ಬರಲಿಲ್ಲ ಅಂದರೂ ನನ್ನ ಮೊದಲ ಪ್ರಶ್ನೆ ಇದೇ: ಜನರೇಟರ್ ಶುರುವಾಗುವ ಡೂ-ಜನರೇಟ್ ಮೆಥಡ್ ಒಳಗೆ ಹೋಯಿತಾ ಇಲ್ಲವಾ? ಹೋಗದಿದ್ದರೆ ಟೆಂಪ್ಲೇಟ್ ಮುಟ್ಟಲೇಬೇಡಿ. ನೇಚರ್ ಇದೆಯಾ ನೋಡಿ. ಪ್ರಿಫರೆನ್ಸ್‌ನಲ್ಲಿ ನಿಮ್ಮ ಭಾಷೆಯ ಕಂಪೈಲರ್ ಆನ್ ಇದೆಯಾ ನೋಡಿ. ಆ ಫೈಲ್‌ನಲ್ಲಿ ಎಲ್ಲಾದರೂ ಕೆಂಪು ಗುರುತು ಇದೆಯಾ ನೋಡಿ. ಎರರ್ ಇರುವ ಫೈಲ್‌ಗೆ ಎಕ್ಲಿಪ್ಸ್ ಒಳಗೆ ಕೋಡ್ ಹುಟ್ಟಿಸುವುದಿಲ್ಲ. ನಾನೂರನೇ ಸಾಲಿನಲ್ಲಿ ಒಂದು ಹೆಸರು ತಪ್ಪಿದ್ದರೂ ಮೂರನೇ ಸಾಲಿನ ಸಂದೇಶಕ್ಕೆ ಕೋಡ್ ಇಲ್ಲ. ಸರಿಯಾದ ನಿಯಮವೇ. ಆದರೆ "ಎರರ್ ಇದೆ, ಅದಕ್ಕೇ ಬಿಟ್ಟೆ" ಅಂತ ಕನ್ಸೋಲ್‌ನಲ್ಲಿ ಒಂದು ಸಾಲು ಬರೆದಿದ್ದರೆ ಇದರ ಗಂಟೇನು ಹೋಗುತ್ತಿತ್ತು?

ಒಳಗೆ ಹೋಗಿಯೂ ಏನೂ ಬರದ ಕಥೆ ನನ್ನದೇ ಇದೆ. ನಾಚಿಕೆಯ ವಿಷಯ, ಆದರೂ ಹೇಳುತ್ತೇನೆ. ನಮ್ಮ ಗ್ರಾಮರ್‌ನಲ್ಲಿ ಒಂದು ರೂಲ್‌ನ ಹೆಸರು ಫೀಲ್ಡ್. ಅದರಿಂದ ಫೀಲ್ಡ್ ಅನ್ನುವ ಮಾಡೆಲ್ ಕ್ಲಾಸ್ ಹುಟ್ಟಿತ್ತು. ಜನರೇಟರ್‌ನಲ್ಲಿ ನಾನು ಮಾಡೆಲ್‌ನ ಎಲ್ಲ ತುಣುಕುಗಳನ್ನು ಸೋಸಿ ಫೀಲ್ಡ್‌ಗಳನ್ನು ಮಾತ್ರ ತೆಗೆದುಕೊಳ್ಳುವ ಸಾಲು ಬರೆದೆ. ಇಂಪೋರ್ಟ್ ಸೇರಿಸಲು ಎಡಿಟರ್ ಕೊಟ್ಟ ಪಟ್ಟಿಯಲ್ಲಿ ಮೇಲಿನದನ್ನು ಒತ್ತಿದೆ. ಅದು ನಮ್ಮ ಫೀಲ್ಡ್ ಅಲ್ಲ, ಜಾವಾ ಪ್ರೋಗ್ರಾಂ ತನ್ನದೇ ಕ್ಲಾಸ್‌ಗಳನ್ನು ನೋಡಿಕೊಳ್ಳಲು ಬಳಸುವ ರಿಫ್ಲೆಕ್ಷನ್‌ನ ಫೀಲ್ಡ್! ಕಂಪೈಲರ್ ತುಟಿ ಪಿಟಿಕ್ ಅನ್ನಲಿಲ್ಲ. ಆ ಫಿಲ್ಟರ್‌ಗೆ ಯಾವ ಕ್ಲಾಸ್ ಕೊಟ್ಟರೂ ನಡೆಯುತ್ತದೆ. ಮುಂದೆ ನಾನು ಬಳಸಿದ್ದು ನೇಮ್ ಮತ್ತು ಟೈಪ್. ದುರದೃಷ್ಟಕ್ಕೆ ರಿಫ್ಲೆಕ್ಷನ್ ಫೀಲ್ಡ್‌ಗೂ ನೇಮ್ ಇದೆ, ಟೈಪ್ ಇದೆ. ಎಲ್ಲ ಹಸಿರು. ಆದರೆ ಮಾಡೆಲ್‌ನಲ್ಲಿ ಅಂಥ ವಸ್ತು ಒಂದೂ ಇರಲು ಸಾಧ್ಯವಿಲ್ಲ. ಲೂಪ್ ಒಂದು ಸುತ್ತೂ ತಿರುಗಲಿಲ್ಲ. ಕ್ಲಾಸ್ ಹುಟ್ಟಿತು, ಒಳಗೆ ಫೀಲ್ಡ್ ಒಂದೂ ಇಲ್ಲ. ಇದು ಎಕ್ಸ್‌ಟೆಕ್ಸ್ಟ್ ತಪ್ಪಲ್ಲ, ನನ್ನದೇ. ಅಂದಿನಿಂದ ಗ್ರಾಮರ್ ರೂಲ್‌ಗಳಿಗೆ ಜಾವಾದಲ್ಲಿ ಇರುವ ಹೆಸರು ಇಡುವುದನ್ನು ಬಿಟ್ಟೆ. ಫೀಲ್ಡ್ ಈಗ ಮೆಸೇಜ್-ಫೀಲ್ಡ್.

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ಒಂದು ದಿನ ಬಿಲ್ಡ್ ಸರ್ವರ್‌ನಲ್ಲಿ ಜಾವಾ ಕಂಪೈಲ್ ಆಗದೆ ಬಿತ್ತು. ಹುಟ್ಟಿದ ಫೈಲ್ ತೆರೆದು ನೋಡಿದೆ. ನನ್ನ ಯಂತ್ರದಲ್ಲಿ ಆ ಸಾಲು "ಪ್ರೈವೇಟ್ ಡಿಸ್ಟನ್ಸ್ ಗ್ಯಾಪ್;" ಅಂತ ಇತ್ತು. ಸರ್ವರ್‌ನಲ್ಲಿ "ಪ್ರೈವೇಟ್", ಎರಡು ಸ್ಪೇಸ್, "ಗ್ಯಾಪ್;". ನಡುವಿನ ಟೈಪ್ ಮಾಯ. ಹಲ್ಲು ಬಿದ್ದ ಜಾಗದ ಹಾಗೆ ಒಂದು ಸಂದು. ಟೆಂಪ್ಲೇಟ್ ಅದೇ, ಮಾಡೆಲ್ ಅದೇ, ಆವೃತ್ತಿಯೂ ಅದೇ.

ಡಿಸ್ಟನ್ಸ್ ಅನ್ನುವ ಟೈಪ್ ಬೇರೆ ಫೈಲ್‌ನಲ್ಲಿತ್ತು. ಎಕ್ಲಿಪ್ಸ್ ಒಳಗೆ ಪ್ರಾಜೆಕ್ಟ್‌ನ ಎಲ್ಲ ಫೈಲ್‌ಗಳ ಹೆಸರಿನ ಪಟ್ಟಿಯನ್ನು ಎಕ್ಸ್‌ಟೆಕ್ಸ್ಟ್ ತಾನೇ ಇಟ್ಟುಕೊಂಡಿರುತ್ತದೆ. ಒಂದು ಫೈಲ್ ಇನ್ನೊಂದರ ಹೆಸರು ಹೇಳಿದರೆ ಹುಡುಕಿ ತಂದುಕೊಡುತ್ತದೆ. ಕಮಾಂಡ್ ಲೈನ್‌ನಲ್ಲಿ ಆ ಪಟ್ಟಿ ಇಲ್ಲ. ಯಾವ ಫೈಲ್‌ಗಳನ್ನು ನಾವು ರಿಸೋರ್ಸ್ ಸೆಟ್‌ಗೆ ಹಾಕಿದ್ದೇವೋ ಅಷ್ಟೇ ಅದರ ಲೋಕ. ನಮ್ಮ ಸ್ಕ್ರಿಪ್ಟ್ ಒಂದೊಂದೇ ಫೈಲ್ ಹಾಕಿ ಓಡಿಸುತ್ತಿತ್ತು. ಡಿಸ್ಟನ್ಸ್ ಸಿಗಲಿಲ್ಲ. ಸಿಗದಿದ್ದಾಗ ಇಎಂಎಫ್ ಆ ಜಾಗದಲ್ಲಿ ಒಂದು ಪ್ರಾಕ್ಸಿ, ಅಂದರೆ ಬದಲಿ ವಸ್ತು, ಇಟ್ಟಿರುತ್ತದೆ. ಅದು ನಲ್ (ಏನೂ ಇಲ್ಲ ಅನ್ನುವ ಬೆಲೆ) ಅಲ್ಲ, ವಸ್ತುವೇ, ಆದರೆ ಒಳಗೆ ಏನೂ ಇಲ್ಲ. ಅದರ ಹೆಸರು ಕೇಳಿದರೆ ನಲ್ ಬರುತ್ತದೆ. ಎಕ್ಸ್‌ಟೆಂಡ್ ಟೆಂಪ್ಲೇಟ್ ನಲ್ ಕಂಡರೆ ಕೂಗಾಡುವುದಿಲ್ಲ, "ನಲ್" ಅಂತ ಅಚ್ಚು ಹಾಕುವುದೂ ಇಲ್ಲ. ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಮೂರು ಕಡೆ ಮೂರು ಸೌಜನ್ಯ ಸೇರಿ ನನಗೆ ಒಂದು ಸಂದು ಸಿಕ್ಕಿತು.

ಹಾಗಾದರೆ ಮಾಡೆಲ್‌ನಲ್ಲಿ ತಪ್ಪು ಹುಡುಕುವ ವ್ಯಾಲಿಡೇಟರ್ ಏನು ಮಾಡುತ್ತಿತ್ತು? ಇಲ್ಲಿ ಎಕ್ಸ್‌ಟೆಕ್ಸ್ಟ್ ಪರವಾಗಿ ಒಂದು ಮಾತು ಹೇಳಬೇಕು. ಅದು ಹುಟ್ಟಿಸಿಕೊಡುವ ಮೇನ್ ಕ್ಲಾಸ್‌ನಲ್ಲಿ ಮೊದಲು ವ್ಯಾಲಿಡೇಟ್ ಮಾಡಿ ಆಮೇಲೆ ಜನರೇಟ್ ಮಾಡುವ ಕೋಡ್ ಇದೆ. ನಮ್ಮಲ್ಲೇ ಯಾರೋ ಆ ಭಾಗ ಕಿತ್ತು ಹಾಕಿದ್ದರು. ಬೈಯಲು ಹೊರಟವಳು ಕಾರಣ ನೋಡಿ ಸುಮ್ಮನಾದೆ. ಆ ಕೋಡ್ ತಪ್ಪುಗಳ ಪಟ್ಟಿ ಖಾಲಿ ಇದೆಯಾ ಅಂತ ಮಾತ್ರ ನೋಡುತ್ತದೆ. ಎರರ್ ಆಗಲಿ, ಬರೀ ವಾರ್ನಿಂಗ್ ಆಗಲಿ, ಒಂದು ಇದ್ದರೆ ಸಾಕು, ಅಚ್ಚು ಹಾಕಿ ವಾಪಸ್. ಹೋಗುವಾಗ ಸೋತೆ ಅಂತಲೂ ಹೇಳುವುದಿಲ್ಲ, ಎಕ್ಸಿಟ್ ಕೋಡ್ ಸೊನ್ನೆಯೇ, ಅಂದರೆ ಎಲ್ಲ ಸರಿ. ಒಂದು ವಾರ್ನಿಂಗ್‌ಗೆ ಕೋಡ್ ನಿಂತು, ಬಿಲ್ಡ್ ಮಾತ್ರ ಹಸಿರಾಗಿ, ತಲೆ ಕೆಟ್ಟು ಆ ಪುಣ್ಯಾತ್ಮ ಇಡೀ ಪರೀಕ್ಷೆಯನ್ನೇ ತೆಗೆದಿರಬೇಕು. ನಾನು ಅದನ್ನು ವಾಪಸ್ ತಂದೆ. ಎರರ್‌ಗೆ ಮಾತ್ರ ನಿಲ್ಲುವ ಹಾಗೆ ಮಾಡಿದೆ. ನಿಂತರೆ ಎಕ್ಸಿಟ್ ಕೋಡ್ ಒಂದು. ಎಲ್ಲ ಫೈಲ್ ಒಂದೇ ರಿಸೋರ್ಸ್ ಸೆಟ್‌ಗೆ ಲೋಡ್ ಆದ ಮೇಲೇ ಜನರೇಟರ್ ಓಡಬೇಕು. ಈ ನಾಲ್ಕು ಸಾಲಿನ ಬದಲಾವಣೆಗೆ ಮೂರು ದಿನ ಹಿಡಿಯಿತು. ಎರಡೂಮುಕ್ಕಾಲು ದಿನ ಟೆಂಪ್ಲೇಟನ್ನೇ ದಿಟ್ಟಿಸಿದ್ದೆ.

ಇಷ್ಟೆಲ್ಲ ಆದ ಮೇಲೆ ಗೊತ್ತಾದ ಒಂದು ಚಿನ್ನದಂಥ ಕ್ಲಾಸ್ ಇದೆ: ಇನ್-ಮೆಮೊರಿ-ಫೈಲ್-ಸಿಸ್ಟಮ್-ಆಕ್ಸೆಸ್. ಜನರೇಟರ್ ಬರೆಯುವ ಫೈಲ್‌ಗಳನ್ನು ಡಿಸ್ಕ್‌ಗೆ ಹಾಕದೆ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ಪಠ್ಯ ಓದಿ ಮಾಡೆಲ್ ಕಟ್ಟಿಕೊಡುವ ಪಾರ್ಸ್-ಹೆಲ್ಪರ್‌ಗೆ ನಾಲ್ಕು ಸಾಲಿನ ಮಾಡೆಲ್ ಕೊಡಿ, ಜನರೇಟರ್ ಓಡಿಸಿ, ಬಂದ ಪಠ್ಯ ಹೋಲಿಸಿ. ಪರೀಕ್ಷಿಸಲು ಎರಡನೇ ಎಕ್ಲಿಪ್ಸ್ ತೆರೆದುಕೊಳ್ಳುವವರೆಗೆ ಕಾಯುವುದು ತಪ್ಪುತ್ತದೆ. ಫೈಲ್ ಹೆಸರಿನ ಮುಂದೆ ಡಿಫಾಲ್ಟ್-ಔಟ್‌ಪುಟ್ ಅನ್ನುವ ಪದ ಅಂಟಿಕೊಂಡೇ ಬರುತ್ತದೆ, ಅದು ತಿಳಿಯದೆ ಫೈಲೇ ಇಲ್ಲ ಅಂತ ನಾನು ಒಂದು ಗಂಟೆ ಹುಡುಕಿದ್ದೆ. ಈ ಕ್ಲಾಸ್ ಬಗ್ಗೆ ಮೊದಲ ದಿನವೇ ಯಾರಾದರೂ ಹೇಳಿದ್ದರೆ ನನ್ನ ಎಷ್ಟೋ ಸಂಜೆಗಳು ಉಳಿಯುತ್ತಿದ್ದವು.

ಗ್ರಾಮರ್ ಕಡೆಯ ತೊಂದರೆ ಬೇಗ ಹೇಳಿ ಮುಗಿಸುತ್ತೇನೆ. ಗ್ರಾಮರ್‌ನಿಂದ ಪಾರ್ಸರ್ ಹುಟ್ಟಿಸುವ ವರ್ಕ್‌ಫ್ಲೋ ಓಡಿಸಿದಾಗ ಕನ್ಸೋಲ್‌ನಲ್ಲಿ ಉದ್ದುದ್ದ ಸಾಲುಗಳು ಹರಿಯುತ್ತವೆ. ಅವುಗಳ ನಡುವೆ ಆಂಟ್ಲರ್‌ನ 200 ಸಂಖ್ಯೆಯ ವಾರ್ನಿಂಗ್ ಬಂದರೆ ನಿಲ್ಲಿ. ಒಂದೇ ಪಠ್ಯಕ್ಕೆ ಎರಡು ದಾರಿ ಹೊಂದುತ್ತಿದೆ, ಎರಡನೆಯದನ್ನು ಮುಚ್ಚಿದ್ದೇನೆ ಅಂತ ಅದರ ಅರ್ಥ. ಹೆಸರಿಗೆ ವಾರ್ನಿಂಗ್ ಅಷ್ಟೇ. ಮುಚ್ಚಿದ ದಾರಿಯಲ್ಲಿ ಬರಬೇಕಾದ ಮಾಡೆಲ್ ಮುಂದೆಂದೂ ಬರುವುದಿಲ್ಲ, ಕೋಡ್‌ನಲ್ಲಿ ಅದರ ತುಂಡೂ ಇರುವುದಿಲ್ಲ. ಒಂದು ದಾರಿ ಸೋತರೆ ಹಿಂದೆ ಬಂದು ಇನ್ನೊಂದನ್ನು ನೋಡುವ ಬ್ಯಾಕ್‌ಟ್ರ್ಯಾಕ್ ಆನ್ ಮಾಡಿದರೆ ವಾರ್ನಿಂಗ್ ಹೋಗುತ್ತದೆ, ರೋಗ ಹಾಗೇ ಇರುತ್ತದೆ. ನಾನು ಅದನ್ನು ಮುಟ್ಟುವುದಿಲ್ಲ. ರೂಲ್‌ಗಳ ಸಮಾನ ಭಾಗವನ್ನು ಮುಂದಕ್ಕೆ ತೆಗೆದು ಬರೆಯುತ್ತೇನೆ. ಬೇಜಾರಿನ ಕೆಲಸ, ಆದರೆ ನಿದ್ದೆ ಬರುತ್ತದೆ.

ಇನ್ನು ಆ « » ಚಿಹ್ನೆಗಳು. ನೋಡಲು ಚೆಂದ, ಆದರೆ ಹೆಚ್ಚಿನ ಕೀಬೋರ್ಡ್‌ಗಳಲ್ಲಿ ಅವಕ್ಕೆ ಕೀಲಿಯೇ ಇಲ್ಲ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಎನ್‌ಕೋಡಿಂಗ್ ಯುಟಿಎಫ್-8 ಆದರೆ ಒಂದೊಂದೂ ಎರಡು ಬೈಟ್. ಒಬ್ಬರ ಯಂತ್ರದಲ್ಲಿ ಎಕ್ಲಿಪ್ಸ್ ಹಳೆಯ ವಿಂಡೋಸ್ ಎನ್‌ಕೋಡಿಂಗ್‌ನಲ್ಲಿತ್ತು. ಪ್ರತಿ ಚಿಹ್ನೆಯ ಮುಂದೆ ಟೊಪ್ಪಿ ಹಾಕಿದ ಒಂದು ಎ ಅಕ್ಷರ ಬಂದು ಕೂತಿತು. ವರ್ಕ್‌ಸ್ಪೇಸ್ ಎನ್‌ಕೋಡಿಂಗ್ ಬದಲಿಸಿದ ತಕ್ಷಣ ಎಲ್ಲ ಟೊಪ್ಪಿಗಳೂ ಹಾರಿಹೋದವು. ನೀವು ಮಾತ್ರ ಪ್ರಾಜೆಕ್ಟ್ ಸೆಟ್ಟಿಂಗ್‌ನಲ್ಲೇ ಯುಟಿಎಫ್-8 ಅಂತ ಬರೆದು ಎಲ್ಲರಿಗೂ ಹಂಚಿಬಿಡಿ.

ಎಸ್‌ಆರ್‌ಸಿ-ಜೆನ್ ಒಳಗಿನ ಫೈಲ್ ಕೈಯಲ್ಲಿ ತಿದ್ದಿ ಅರ್ಧ ದಿನದ ಕೆಲಸ ಕಳೆದುಕೊಂಡವರಲ್ಲಿ ನಾನೂ ಒಬ್ಬಳು. ಮುಂದಿನ ಸೇವ್‌ಗೆ ಹೊಸ ಫೈಲ್ ಮೇಲೆ ಬಂದು ಕೂರುತ್ತದೆ, ಅದೇ ಅದರ ಕೆಲಸ. ಒಂದೇ ಸಲ ಹುಟ್ಟಿ ಆಮೇಲೆ ನಮ್ಮದಾಗಬೇಕಾದ ಫೈಲ್‌ಗಳಿಗೆ ಬೇರೆ ಔಟ್‌ಪುಟ್ ಕಾನ್ಫಿಗರೇಷನ್ ಮಾಡಿ, ಇರುವುದನ್ನು ಮೇಲೆ ಬರೆಯಬೇಡ ಅಂತ ಹೇಳಬಹುದು. ಮಾಡಿದ್ದೇನೆ, ಚೆನ್ನಾಗಿ ನಡೆಯುತ್ತಿದೆ.

ಅಂಕ ಕೊಡು ಅಂದರೆ ಐದಕ್ಕೆ ಮೂರೂವರೆ. ಎಡಿಟರ್‌ಗೆ, ಟೆಂಪ್ಲೇಟ್‌ಗೆ ಪೂರ್ತಿ ಅಂಕ. ಮೌನಕ್ಕೆ ಒಂದೂವರೆ ಕಡಿತ. ಜಾವಾ ಮತ್ತು ಎಕ್ಲಿಪ್ಸ್ ಕೈಗೆ ಪಳಗಿದವರು ಧೈರ್ಯವಾಗಿ ಇಳಿಯಬಹುದು. ಎಕ್ಲಿಪ್ಸ್ ಅಂದರೆ ಮೂಗು ಮುರಿಯುವವರಿಗೆ 2017ರ 2.11ರಿಂದ ಬೇರೆ ಎಡಿಟರ್‌ಗಳಲ್ಲೂ ನಡೆಯುವ ಲ್ಯಾಂಗ್ವೇಜ್ ಸರ್ವರ್ ದಾರಿಯೂ ಇದೆ. ಹತ್ತು ಸಾಲಿನ ಕಾನ್ಫಿಗ್ ಫೈಲ್ ಓದಲು ಇದನ್ನು ತರಬೇಡಿ, ಜೇಸನ್‌ನಂಥ ಸಿದ್ಧ ರೂಪ ಸಾಕು.

ಆ ಹುಡುಗಿ ಮೊನ್ನೆ ಮತ್ತೆ ಬಂದಿದ್ದಳು. "ಮೇಡಂ, ಕೋಡ್ ಬಂತು, ಆದರೆ ಟೈಪ್ ಇರೋ ಜಾಗ ಖಾಲಿ." ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು, "ಪ್ರಾಕ್ಸಿ ಇರಬೇಕು, ನೋಡ್ತೀನಿ."