ಬಣ್ಣ ಹೊಡೆದ ಬೋಲ್ಟು: ಹಳೇ ಸ್ನೋಬ್ಲೋವರ್ ತಗೊಳ್ಳೋ ಮುಂಚೆ ಇದನ್ನ ಓದಿ

ಮೊದಲೇ ಹೇಳಿಬಿಡ್ತೀನಿ, ತಪ್ಪು ನಂದೂ ಇದೆ. ಆದ್ರೆ ಪೂರ್ತಿ ನಂದೇ ಅಲ್ಲ. ಮೊನ್ನೆ ಶನಿವಾರ ಒಂದು ಜಾಹೀರಾತು ಕಣ್ಣಿಗೆ ಬಿತ್ತು, ಅವತ್ತಿಂದ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೀನಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬಫಲೋ, ರಾಚೆಸ್ಟರ್, ಸಿರಾಕ್ಯೂಸ್ ಕಡೆ ಮನೆ ಮಾಡ್ಕೊಂಡು, ರಸ್ತೆಯಿಂದ ಮನೆವರೆಗೆ ಉದ್ದ ಡ್ರೈವ್‌ವೇ ಇಟ್ಕೊಂಡು, ಸಣ್ಣ ಟ್ರ್ಯಾಕ್ಟರಿಗೆ ಹಿಮ ಎಸೆಯೋ ಹಳೇ ಬ್ಲೋವರ್ ಹುಡುಕ್ತಿರೋ ನಮ್ಮವರು ಯಾರಾದ್ರೂ ಇದ್ರೆ ದುಡ್ಡು ಕೊಡೋ ಮುಂಚೆ ಓದಿ. ಕೊಟ್ಟ ಮೇಲೆ ಓದಿದ್ರೆ ನನ್ನ ಹಾಗೆ ಹಲ್ಲು ಕಡೀತಾ ಕೂರಬೇಕಾಗುತ್ತೆ.

ನಮ್ಮನೆ ಇರೋದು ಬಫಲೋಗೆ ದಕ್ಷಿಣಕ್ಕೆ. ಈರಿ ಸರೋವರದ ಉದ್ದಕ್ಕೂ ನೀರು ಹೀರ್ಕೊಂಡು ಬರೋ ಗಾಳಿ ದಡ ಹತ್ತಿದ ಕೂಡಲೇ ಹಿಮ ಸುರಿಯೋದು ನಮ್ಮ ತಲೆ ಮೇಲೆ. ಇಲ್ಲಿರೋರಿಗೆ ಇದನ್ನ ಹೇಳಬೇಕಾಗಿಲ್ಲ. ಐದು ಮೈಲಿ ಆಚೆ ಬಿಸಿಲಿರುತ್ತೆ, ನಮ್ಮ ಬೀದೀಲಿ ಎದುರುಮನೆ ಕಾಣಲ್ಲ. 2022ರ ನವೆಂಬರಲ್ಲಿ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಕಡೆ ಮೂರ್ನಾಲ್ಕು ದಿನದಲ್ಲಿ 80 ಇಂಚಿನ ಆಸುಪಾಸು ಹಿಮ ಬಿತ್ತಲ್ಲ, ಬಫಲೋದ ಅಮೆರಿಕನ್ ಫುಟ್‌ಬಾಲ್ ತಂಡ ಬಿಲ್ಸ್‌ನ ಪಂದ್ಯವನ್ನೇ ಡೆಟ್ರಾಯಿಟಿಗೆ ಎತ್ಕೊಂಡು ಹೋದ್ರಲ್ಲ, ಆಗ ನನ್ನ ಹತ್ರ ಇದ್ದಿದ್ದು ಟ್ರ್ಯಾಕ್ಟರಿನ ಮುಂದಿನ ಲೋಡರ್ ಬಕೆಟ್ ಒಂದೇ. 350 ಅಡಿ ಜಲ್ಲಿ ಹಾದಿ. ಬಕೆಟಲ್ಲಿ ಎತ್ತಿದ್ದನ್ನ ಎಲ್ಲಾದರೂ ಸುರೀಬೇಕಲ್ವಾ? ಮೊದಲ ದಿನ ಪಕ್ಕಕ್ಕೆ ಸುರಿದೆ. ಎರಡನೇ ದಿನ ಪಕ್ಕದಲ್ಲಿ ಜಾಗ ಇಲ್ಲ. ಮೂರನೇ ದಿನ ಎರಡೂ ಕಡೆ ಗೋಡೆ, ನಡುವೆ ನಾನು ಮತ್ತು ಬಕೆಟ್ಟು, ಹಿಂದೆ ಬಂದು ಮುಂದೆ ಹೋಗಿ. ಹಿಮ ತಳ್ಳೋ ಬ್ಲೇಡಿನ ಕತೆಯೂ ಅಷ್ಟೇ. ಒಂದಡಿ ಹಿಮದವರೆಗೆ ರಾಜನ ಹಾಗೆ ತಳ್ಳುತ್ತೆ, ಆಮೇಲೆ ದಿಬ್ಬ ಒಳಕ್ಕೊಳಕ್ಕೆ ಬಂದು ದಾರಿ ಕಿರಿದಾಗ್ತಾ ಹೋಗುತ್ತೆ. ಇಂಥ ಜಾಗದಲ್ಲಿ ಹಿಮವನ್ನ ಎತ್ತಿ ದೂರ ಎಸೆಯೋ ಬ್ಲೋವರೇ ಬೇಕು. ಈ ತೀರ್ಮಾನ ತಪ್ಪಲ್ಲ. ಇವತ್ತಿಗೂ ಅದನ್ನೇ ಹೇಳ್ತೀನಿ.

ತಪ್ಪಾಗಿದ್ದು ಅದರ ಮುಂದೆ.

ನನ್ನದು ಸಬ್‌ಕಾಂಪ್ಯಾಕ್ಟ್, ಅಂದ್ರೆ ತೀರಾ ಸಣ್ಣ ಟ್ರ್ಯಾಕ್ಟರ್, 24 ಅಶ್ವಶಕ್ತಿ. ಮುಂದೆ ಕೂರಿಸೋ ಬ್ಲೋವರ್ ಹೊಸದು ಕೇಳಿದೆ, ಬೆಲೆ ಕೇಳಿ ಫೋನ್ ಇಟ್ಟೆ. ಬರೀ ಬ್ಲೋವರ್ ಅಲ್ಲ, ಅದಕ್ಕೊಂದು ಸಬ್‌ಫ್ರೇಮ್, ಟ್ರ್ಯಾಕ್ಟರಿನ ಹೊಟ್ಟೆ ಕೆಳಗಿನ, ನಿಮಿಷಕ್ಕೆ 2000 ಸುತ್ತಿನ ಮಿಡ್ ಪಿಟಿಒದಿಂದ (ಪಿಟಿಒ ಅಂದ್ರೆ ಎಂಜಿನ್ನಿನ ಶಕ್ತಿಯನ್ನ ಉಪಕರಣಕ್ಕೆ ಕೊಡೋ ತಿರುಗುವ ಕಡ್ಡಿ) ಮುಂದಕ್ಕೆ ಹೋಗೋ ಶಾಫ್ಟು, ಎಲ್ಲಾ ಬೇರೆ ಬೇರೆ ಲೆಕ್ಕ, ಮೇಲೆ ಲೋಡರ್ ಬಿಚ್ಚಿಡಬೇಕು. ಹಿಂದೆ ಮೂರು ಪಾಯಿಂಟಿನ ಕೊಂಡಿಗೆ ಸಿಕ್ಕಿಸಿ 540 ಸುತ್ತಿನ ಪಿಟಿಒಗೆ ಜೋಡಿಸೋದಾದ್ರೆ ಅರ್ಧಕ್ಕರ್ಧ ಉಳಿತಾಯ. ಕತ್ತು ತಿರುಗಿಸ್ಕೊಂಡು ಹಿಂದಕ್ಕೆ ಓಡಿಸಬೇಕು, ಓಡಿಸೋಣ ಬಿಡಿ ಅಂದ್ಕೊಂಡೆ. ಅರಸೀಕೆರೆ ಹತ್ರ ನಮ್ಮ ತೆಂಗಿನ ತೋಟದಲ್ಲಿ ಅಪ್ಪನ ಮೆಸ್ಸಿ 1035ರ ಮೇಲೆ ರೋಟವೇಟರ್ ಹಾಕ್ಕೊಂಡು ಸಾಲುಗಳ ಮಧ್ಯೆ ಹಿಂದೆ ನೋಡ್ಕೊಂಡೇ ಬೆಳೆದವನು ನಾನು. ಹೆಂಡತಿ ಮುಂದೆ ಇದನ್ನ ಜಂಬವಾಗಿ ಹೇಳಿದ್ದೆ ಬೇರೆ. ಅವಳು ಈಗ ಅದನ್ನ ಮರೆಯೋ ಲಕ್ಷಣ ಕಾಣ್ತಿಲ್ಲ.

2023ರ ಅಕ್ಟೋಬರ್. ಮುಕ್ಕಾಲು ಗಂಟೆ ದೂರದಲ್ಲಿ ಹಳೇ ಉಪಕರಣ ರಿಪೇರಿ ಮಾಡಿ ಮಾರೋ ಒಬ್ಬರ ಅಂಗಳ. ಹೆಸರು ಹಾಕಲ್ಲ. ‘ರೀಕಂಡೀಷನ್ ಮಾಡಿದ್ದು, ಹಿಮಕ್ಕೆ ರೆಡಿ’ ಅಂತ ಬೋರ್ಡು. ಆರಡಿ ಅಗಲದ ಎರಡು ಹಂತದ ಬ್ಲೋವರ್, 2,600 ಡಾಲರ್. ಕಡುಕೆಂಪು ಹೊಸ ಬಣ್ಣ ಹೊಡೆದು ಮದುವಣಗಿತ್ತಿ ಥರ ನಿಲ್ಲಿಸಿದ್ರು. ಹಿಮ ಕಚ್ಚಿ ಒಳಗೆಳೆಯೋ ಆಗರ್ ಕೆಂಪು, ಅದನ್ನ ಆಚೆ ಎಸೆಯೋ ಚೂಟು ಕೆಂಪು, ಚೈನಿನ ಕವರ್ ಕೆಂಪು, ನಟ್ಟು ಬೋಲ್ಟು ಸಮೇತ ಎಲ್ಲಾ ಕೆಂಪು. ನೆನಪಿಟ್ಕೊಳ್ಳಿ, ನಟ್ಟು ಬೋಲ್ಟು ಸಮೇತ.

ಕೇಳಿದೆ, ನನ್ನದು 24ರ ಟ್ರ್ಯಾಕ್ಟರ್, ಇದಕ್ಕೆ ಆರಡಿ ಜಾಸ್ತಿ ಆಗಲ್ವಾ ಅಂತ. ಆತ ನಕ್ಕ. ‘ಅಗಲ ಇದ್ರೆ ಕೆಲಸ ಬೇಗ ಮುಗಿಯುತ್ತೆ. ನಿಧಾನಕ್ಕೆ ಹೋಗಿ, ಅಷ್ಟೇ’ ಅಂದ. ಆ ನಗು ನನಗೆ ನಂಬಿಕೆ ಥರ ಕಾಣಿಸ್ತು. ಇಲ್ಲಿನ ಅನುಭವಸ್ಥರು ಬಾಯಿಪಾಠ ಹೇಳೋ ಲೆಕ್ಕ ಒಂದಿದೆ, ಅಡಿ ಅಗಲಕ್ಕೆ ಐದು ಅಶ್ವಶಕ್ತಿ, ಅದೂ ಎಂಜಿನ್ನಿನದಲ್ಲ, ಪಿಟಿಒದಲ್ಲಿ ಸಿಗೋದು. ನಂದರಲ್ಲಿ ಪಿಟಿಒಗೆ ಬರೋದು 18ರ ಹತ್ರ. ಆರಡಿಗೆ 30 ಬೇಕು. ಕೂಡೋ ಕಳೆಯೋ ಲೆಕ್ಕ. ನಾನು ಮಾಡ್ಲಿಲ್ಲ, ಆತ ಮಾಡಿದ್ದ, ಹೇಳ್ಲಿಲ್ಲ.

ತನ್ನ ಟ್ರ್ಯಾಕ್ಟರಿಗೆ ಹಾಕಿ ಎರಡು ನಿಮಿಷ ಓಡಿಸಿ ತೋರಿಸಿದ. ಅಕ್ಟೋಬರಲ್ಲಿ ಹಿಮ ಎಲ್ಲಿಂದ ಬರ್ಬೇಕು, ಖಾಲಿ ಓಡ್ತು. ಚೆನ್ನಾಗೇ ಓಡ್ತು. ಖಾಲಿ ಓಡೋದು ಯಾವುದು ಚೆನ್ನಾಗಿ ಓಡಲ್ಲ ಹೇಳಿ! ಸಂತೇಲಿ ಎತ್ತು ತಗೊಳ್ಳೋವಾಗ ಅಪ್ಪ ಮೊದಲು ಬಾಯಿ ಬಿಡಿಸಿ ಹಲ್ಲು ಎಣಿಸ್ತಿದ್ರು, ಆಮೇಲೆ ನಡೆಸಿ ನೋಡ್ತಿದ್ರು, ಆಮೇಲೇ ಟವೆಲ್ ಅಡಿ ಕೈ ಹಾಕಿ ಬೆರಳು ಹಿಡಿದು ವ್ಯಾಪಾರ. ಅವರ ಮಗ ನಾನು ಕೊಂಬಿಗೆ ಹೊಡೆದ ಬಣ್ಣ ನೋಡಿ ದುಡ್ಡು ಎಣಿಸಿದೆ.

ಮನೆಗೆ ತಂದು ಹಿಂದೆ ಸಿಕ್ಕಿಸಿದ ದಿನವೇ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲೋಕೆ ಶುರು ಆಯ್ತು. ಅಷ್ಟು ಭಾರ. ಲೋಡರ್ ಬಕೆಟಲ್ಲಿ ಜಲ್ಲಿ ತುಂಬ್ಕೊಂಡು ಸರಿ ಮಾಡ್ಕೊಂಡೆ. ಡಿಸೆಂಬರಿನ ಸಣ್ಣಪುಟ್ಟ ಹಿಮಕ್ಕೆ ನಡೀತು. ‘ನೋಡಿದ್ಯಾ’ ಅಂತ ಮನೇಲಿ ಹೇಳ್ಕೊಂಡೂ ಆಯ್ತು.

2024ರ ಜನವರಿ 13, ಶನಿವಾರ. ಇಲ್ಲಿರೋರಿಗೆಲ್ಲಾ ನೆನಪಿರುತ್ತೆ, ಭಾನುವಾರದ ಬಿಲ್ಸ್ ಪಂದ್ಯ ಸೋಮವಾರಕ್ಕೆ ಹೋಯ್ತು, ಸ್ಟೇಡಿಯಂನಲ್ಲಿ ಹಿಮ ಎತ್ತೋಕೆ ಬನ್ನಿ, ಗಂಟೆಗೆ 20 ಡಾಲರ್ ಕೊಡ್ತೀವಿ ಅಂತ ಜನರನ್ನ ಕರೆದರು. ನಾನು ಸಲಿಕೆ ಹಿಡ್ಕೊಂಡು ಅಲ್ಲಿಗೆ ಹೋಗಿದ್ರೆ ಲಾಭದಲ್ಲಿರ್ತಿದ್ದೆ.

ಸೋಮವಾರ ಬೆಳಿಗ್ಗೆ ಡ್ರೈವ್‌ವೇ ಪೂರ್ತಿ ಮುಗಿಸಿ ಕೊನೆಗೆ ರಸ್ತೆ ಬಾಯಿಗೆ ಬಂದೆ. ರಸ್ತೆ ಹಿಮ ತಳ್ಳೋ ಊರಿನ ಪ್ಲೋ ಗಾಡಿ ಹಾದುಹೋಗುವಾಗ ಬಿಟ್ಟು ಹೋಗೋ ದಿಬ್ಬ ಗೊತ್ತಲ್ಲ, ಹಿಮ ಅಲ್ಲ ಅದು, ಉಪ್ಪು, ಕೆಸರು, ಮಂಜುಗಡ್ಡೆ ಸೇರಿ ಸಿಮೆಂಟ್ ಆಗಿರುತ್ತೆ. ಅದರೊಳಗೆ, ವಾರವಾರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎಸೆದು ಹೋಗ್ತಾರಲ್ಲ ಬಿಟ್ಟಿ ಜಾಹೀರಾತು ಪೇಪರ್, ಅದು ನೀರು ಕುಡಿದು ಕಲ್ಲಾಗಿ ಕೂತಿತ್ತು. ಆಗರ್ ಅದನ್ನ ಕಚ್ಚಿತು. ಇಡೀ ಟ್ರ್ಯಾಕ್ಟರ್ ಒಂದು ಸಲ ಜಗ್ಗಿ ನಿಂತಿತು. ಆಮೇಲೆ ಸೀಟಿನ ಹಿಂದೆ ಒಂದು ಸದ್ದು, ಒರಳಲ್ಲಿ ಕಬ್ಬಿಣದ ತುಂಡು ಹಾಕಿ ತಿರುಗಿಸಿದ ಹಾಗೆ. ಪಿಟಿಒ ಆಫ್ ಮಾಡಿ ಇಳಿದೆ.

ಇದು ಆಗೋದೇ. ಎಲ್ಲರ ಬ್ಲೋವರಲ್ಲೂ ಆಗುತ್ತೆ. ಹೀಗಾದಾಗ ಶಿಯರ್ ಬೋಲ್ಟ್ ತುಂಡಾಗ್ಬೇಕು, ಅದಿರೋದೇ ತುಂಡಾಗೋಕೆ. ಮೂರು ನಾಲ್ಕು ಡಾಲರಿನ ಮೆತ್ತನೆ ಬೋಲ್ಟು ತಾನು ಸತ್ತು ಸಾವಿರ ಡಾಲರಿನ ಗೇರ್‌ಬಾಕ್ಸ್ ಉಳಿಸುತ್ತೆ. ಜೇಬಲ್ಲಿ ಎರಡು ಹೊಸ ಬೋಲ್ಟ್ ಇಟ್ಕೊಂಡೇ ಹೋಗಿದ್ದೆ, ಬದಲಾಯಿಸೋಣ ಅಂತ. ಬಗ್ಗಿ ನೋಡಿದ್ರೆ ಬೋಲ್ಟ್ ಗಟ್ಟಿಯಾಗಿ ಕೂತಿದೆ. ಒಂದು ಕೂದಲೂ ಕೊಂಕಿಲ್ಲ. ಕೈಯಲ್ಲಿ ಶಾಫ್ಟ್ ಅಲ್ಲಾಡಿಸಿದ್ರೆ ಗೇರ್‌ಬಾಕ್ಸ್ ಒಳಗೆ ಗಡಗಡ ಅಂತಿದೆ.

ಗ್ಲೌಸ್ ತೆಗೆದೆ. ಬೋಲ್ಟಿನ ತಲೆ ಮೇಲಿನ ಕೆಂಪು ಬಣ್ಣವನ್ನ ಮನೆ ಕೀಲಿಯಲ್ಲಿ ಕೆರೆದೆ. ಒಂದು ಗೆರೆ ಕಾಣಿಸ್ತು. ಇನ್ನಷ್ಟು ಕೆರೆದೆ. ಮೂರು. ಮೂರಾದ್ರೂ ಪರವಾಗಿಲ್ಲ, ಕೆಲವು ಕಂಪನಿಯವರು ಅದನ್ನೇ ಹಾಕೋಕೆ ಹೇಳ್ತಾರೆ. ಕೆರೆದೆ. ಆರು ಗೆರೆ. ಸೂರ್ಯನ ಚಿತ್ರದ ಥರ ಸುತ್ತಲೂ ಆರು ಗೆರೆ.

ಗೊತ್ತಿಲ್ಲದವರಿಗೆ: ತಲೆ ಬೋಳಾಗಿದ್ರೆ ಗ್ರೇಡ್ 2, ಮೆತ್ತಗೆ. ಮೂರು ಗೆರೆ ಇದ್ರೆ 5. ಆರು ಗೆರೆ ಅಂದ್ರೆ ಗ್ರೇಡ್ 8, ಇವುಗಳಲ್ಲೆಲ್ಲಾ ಗಟ್ಟಿ. ಅದು ಮುರಿಯಲ್ಲ. ಮುರಿಯಬೇಕಾದ ಜಾಗದಲ್ಲಿ ಮುರಿಯದೇ ಇರೋದನ್ನ ಯಾರೋ ಬೇಕಂತಲೇ ಹಾಕಿ, ಮೇಲೆ ಬಣ್ಣ ಬಳಿದಿದ್ದಾರೆ. ಆ ಚಳಿಯಲ್ಲಿ ರಸ್ತೆ ಬದಿ ಮಂಡಿಯೂರಿ ಕೂತು ಆ ಆರು ಗೆರೆ ನೋಡ್ತಾ ಇದ್ದೆ. ಎಷ್ಟು ಹೊತ್ತು ಗೊತ್ತಿಲ್ಲ. ಪಕ್ಕದ ಮನೆಯಾತ ಟ್ರಕ್ ನಿಲ್ಲಿಸಿ ‘ಎದೆ ನೋವಾ?’ ಅಂತ ಕೇಳಿದ.

ಗೇರ್‌ಬಾಕ್ಸ್ ಬಿಚ್ಚಿದಾಗ ಹಲ್ಲು ಉದುರಿ ಎಣ್ಣೆಯಲ್ಲಿ ಬಿದ್ದಿದ್ವು.

ಈಗ ಉತ್ತರಗಳ ಕತೆ. ಮೊದಲು ಫೋನು, ಆಮೇಲೆ ಮೆಸೇಜು, ಎಲ್ಲಾ ಇಟ್ಕೊಂಡಿದ್ದೀನಿ. ಗೇರ್‌ಬಾಕ್ಸ್ ಹೋಯ್ತು ಅಂದಾಗ ಮೊದಲ ಉತ್ತರ: ‘ನಿಮ್ಮ ಟ್ರ್ಯಾಕ್ಟರಿಗೆ ಅದು ದೊಡ್ಡದಾಯ್ತೇನೋ.’ ಅಕ್ಟೋಬರಲ್ಲಿ ನಾನು ಕೇಳಿದ ಪ್ರಶ್ನೆ ಕಣ್ರೀ ಅದು! ನನ್ನ ಪ್ರಶ್ನೇನೇ ನನಗೆ ಉತ್ತರ ಮಾಡಿ ಕಳಿಸಿದ್ದಾನೆ. ಎರಡನೆಯದು: ‘ಜಲ್ಲಿ ಮೇಲೆ ಓಡಿಸಿದ್ರಾ?’ ಹೌದು, ಜಲ್ಲಿ ಅಂತ ಅವತ್ತೇ ಹೇಳಿದ್ದೆ, ಆಗರ್ ನೆಲಕ್ಕೆ ತಾಗದ ಹಾಗೆ ಅಡಿಯಲ್ಲಿರೋ ಸ್ಕಿಡ್ ಶೂ ಒಂದಿಂಚು ಇಳಿಸ್ಕೊಳ್ಳಿ ಅಂದಿದ್ದು ಆತನೇ. ಬೋಲ್ಟಿನ ಫೋಟೋ ಕಳಿಸಿದೆ, ಆರೂ ಗೆರೆ ಕಾಣೋ ಹಾಗೆ. ಒಂದು ದಿನ ಸದ್ದಿಲ್ಲ. ಆಮೇಲೆ ಬಂತು: ‘ಗಟ್ಟಿ ಬೋಲ್ಟ್ ಹಾಕಿರೋದು ನಿಮ್ಮ ಒಳ್ಳೇದಕ್ಕೇ ಅಲ್ವಾ? ಪದೇ ಪದೇ ಮುರೀತಿದ್ರೆ ನೀವೇ ಬೈತಿದ್ರಿ.’

ಇದನ್ನ ಓದಿ ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ. ಪದೇ ಪದೇ ಮುರೀತಿತ್ತು ಅಂತ ಆತನೇ ಒಪ್ಕೊಂಡ ಹಾಗಾಯ್ತಲ್ಲ. ಅಂದ್ರೆ ಒಳಗೆ ಏನೋ ಬಿಗಿಯಾಗಿತ್ತು, ಬೋಲ್ಟ್ ಮುರ್ಕೊಂಡು ಮುರ್ಕೊಂಡು ಅದನ್ನೇ ಹೇಳ್ತಿತ್ತು, ಇವರು ಹೇಳೋ ಬಾಯಿಗೇ ಬೀಗ ಹಾಕಿದ್ರು. ಅದನ್ನೇ ಬರೆದು ಕಳಿಸಿದೆ. ಕೊನೆ ಉತ್ತರ ಒಂದೇ ಸಾಲು: ‘ಬಿಲ್ ಓದಿ.’ ಓದಿದೆ. ಅಡಿಯಲ್ಲಿ, ನನ್ನ ಸಹಿ ಪಕ್ಕದಲ್ಲೇ, ಇದ್ದದ್ದು ಇದ್ದ ಹಾಗೆ ಮಾರಾಟ, ವಾರಂಟಿ ಇಲ್ಲ ಅಂತಿದೆ. ಮೇಲುಗಡೆ ದೊಡ್ಡಕ್ಷರದಲ್ಲಿ ರೀಕಂಡೀಷನ್, ಕೆಳಗೆ ಇರುವೆ ಅಕ್ಷರದಲ್ಲಿ ಇದ್ದ ಹಾಗೆ.

ಆ ಬುಧವಾರ ಮತ್ತೆ ಸುರೀತು. ನಾನು ಮತ್ತೆ ಬಕೆಟ್ಟು. ಹೆಂಡತಿಯನ್ನ ನೈಟ್ ಡ್ಯೂಟಿಗೆ ಪಕ್ಕದ ಮನೆಯಾತನೇ ತನ್ನ ಟ್ರಕ್ಕಿನಲ್ಲಿ ಬಿಟ್ಟು ಬಂದ. ಅಪ್ಪನಿಗೆ ಫೋನಲ್ಲಿ ಹೇಳ್ಬಾರ್ದು ಅಂದ್ಕೊಂಡಿದ್ದೆ, ಬಾಯಿ ತಪ್ಪಿ ಬಂತು. ಅವರು ಕೇಳಿದ್ದು ಒಂದೇ, ‘ರೋಟವೇಟರ್ ಶಾಫ್ಟಿಗೆ ಶಿಯರ್ ಬೋಲ್ಟ್ ಹಾಕೋವಾಗ ದಿನಾ ನೀನೇ ತಂದ್ಕೊಡ್ತಿದ್ಯಲ್ಲೋ?’

ಹೌದು, ನಾನೇ ತಂದ್ಕೊಡ್ತಿದ್ದೆ.

ಹೊಸ ಗೇರ್‌ಬಾಕ್ಸಿಗೆ ಕೂಲಿ ಸೇರಿ 1,150 ಹೇಳಿದ್ರು. ಹಾಕಿಸಿದ್ರೂ ನನ್ನ ಟ್ರ್ಯಾಕ್ಟರಿಗೆ ಅದು ದೊಡ್ಡದೇ. ಮಾರ್ಚಲ್ಲಿ, ಅಂಗಳದಲ್ಲಿ ಅದನ್ನ ನೋಡಿ ನೋಡಿ ಸಾಕಾಗಿ, ಅದೇ ಮನುಷ್ಯನಿಗೇ 400ಕ್ಕೆ ವಾಪಸ್ ಕೊಟ್ಟೆ. ಇದು ನಾನು ಮಾಡಿದ ಎರಡನೇ ತಪ್ಪು, ಬಹುಶಃ ಮೊದಲನೇದಕ್ಕಿಂತ ದೊಡ್ಡದು. ಗುಜರಿಗೆ ಹಾಕಿದ್ರೆ ಅದು ಅಲ್ಲಿಗೆ ಮುಗೀತಿತ್ತು.

ತಗೊಳ್ಳೋರಿಗೆ ನಾನು ಹೇಳೋದಿಷ್ಟೇ. ಎಂಜಿನ್ನಿನ ಸಂಖ್ಯೆ ಮರೆತುಬಿಡಿ, ಪಿಟಿಒದ್ದು ಕೇಳಿ, ಅದಕ್ಕೆ ತಕ್ಕ ಅಗಲ ತಗೊಳ್ಳಿ. 18ಕ್ಕೆ ಮೂರೂವರೆ, ಹೆಚ್ಚಂದ್ರೆ ನಾಲ್ಕಡಿ, ಅದಕ್ಕಿಂತ ಜಾಸ್ತಿ ಬೇಡ. ಟ್ರ್ಯಾಕ್ಟರಿನ ಚಕ್ರದ ಗುರುತು ಮುಚ್ಚುವಷ್ಟು ಅಗಲ ಇದ್ರೆ ಸಾಕು. ಜೇಬಲ್ಲಿ ಒಂದು ಹಳೇ ಕೀಲಿ ಇಟ್ಕೊಂಡು ಹೋಗಿ, ಶಿಯರ್ ಬೋಲ್ಟ್ ಇರೋ ಪ್ರತಿಯೊಂದು ಜಾಗದಲ್ಲೂ ಬಣ್ಣ ಕೆರೆದು ಗೆರೆ ಎಣಿಸಿ, ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡಿಗೆ ಹೋಲಿಸಿ. ಕೆರೆಯೋಕೆ ಬಿಡಲ್ಲ ಅಂದ್ರೆ ನಮಸ್ಕಾರ ಹೇಳಿ ಬನ್ನಿ. ಗೇರ್‌ಬಾಕ್ಸಿನ ಎಣ್ಣೆ ಒಂದು ಚೂರು ಬೆರಳಿಗೆ ತಗೊಂಡು ಉಜ್ಜಿ, ಬೆಳ್ಳಿ ಪುಡಿ ಥರ ಮಿನುಗಿದ್ರೆ ಅಲ್ಲೇ ಬಿಡಿ. ಹೊಸ ಬಣ್ಣ ನೋಡಿದ್ರೆ ನನಗೀಗ ಮೈ ಉರಿಯುತ್ತೆ, ತುಕ್ಕು ಹಿಡಿದಿರೋದೇ ವಾಸಿ, ಅದರಲ್ಲಿ ಸುಳ್ಳಿರಲ್ಲ.

ಮೊನ್ನೆ ನೋಡಿದ ಜಾಹೀರಾತು ಅದೇ ಬ್ಲೋವರಿಂದು. ಚೂಟಿನ ಎಡಗಡೆ ನಮ್ಮ ಮೇಲ್‌ಬಾಕ್ಸ್ ಕಂಬಕ್ಕೆ ತಾಗಿ ಆದ ತಗ್ಗು ಹಾಗೇ ಇದೆ. ಈ ಸಲ ಹಸಿರು ಬಣ್ಣ. ರೀಕಂಡೀಷನ್ ಮಾಡಿದ್ದು, ಹಿಮಕ್ಕೆ ರೆಡಿ, 2,450 ಡಾಲರ್. ‘ಆಗರಿಗೆ ಯಾವ ಬೋಲ್ಟ್ ಹಾಕಿದ್ದೀರಿ?’ ಅಂತ ಕೆಳಗೆ ಕೇಳಿದೆ. ಹತ್ತು ನಿಮಿಷದಲ್ಲಿ ನನ್ನ ಪ್ರಶ್ನೆ ಅಳಿಸಿದ್ರು. ಜಾಹೀರಾತು ಇನ್ನೂ ಇದೆ.