ಜೈಲಿನಿಂದ ಬಂದವರ ಓಟು: ಪುಕ್ಕಟೆ ಸೇವೆ, ರೊಕ್ಕದ ಸೇವೆ, ಎರಡರ ವಿಮರ್ಶೆ

"ಜೈಲಿಗೆ ಹೋಗಿ ಬಂದೋರಿಗೆ ಓಟ್ ಇರಂಗಿಲ್ರಿ ಕಾಕಾ. ಹೊಸಾದ ಮಾಡಸ್ಬೇಕಾಕ್ಕೈತಿ, ನಾ ಮಾಡಸ್ತೇನಿ ಬಿಡ್ರಿ."

ಝೆರಾಕ್ಸ್ ಅಂಗಡಿಯ ಕೌಂಟರಿನಲ್ಲಿ ಕೇಳಿಬರುವ ಈ ಮಾತಿನಲ್ಲಿ ಎರಡು ತಪ್ಪಿವೆ. ಓಟು ಇಲ್ಲ ಎನ್ನುವುದು ಮೊದಲನೆಯದು, ಓಟರ್ ಕಾರ್ಡು ಹೊಸದು ಮಾಡಿಸಬೇಕು ಎನ್ನುವುದು ಎರಡನೆಯದು. ಎರಡನೆಯದೇ ಹೆಚ್ಚು ದುಬಾರಿ. ಹಾಗಾಗಿ ಬೆಳಗಾವಿಯ ಹಿಂಡಲಗಾ ಜೈಲಿನಿಂದಲೋ ವಿಜಯಪುರದ ದರ್ಗಾ ಜೈಲಿನಿಂದಲೋ ಬಾಗಲಕೋಟೆಯ ಜಿಲ್ಲಾ ಕಾರಾಗೃಹದಿಂದಲೋ ಹೊರಬಂದವರಿಗೆ ಮತದಾರರ ಪಟ್ಟಿಯ ಕೆಲಸ ಎಲ್ಲಿ ಸರಿಯಾಗಿ ಆಗುತ್ತದೆ ಎಂದು ಇಲ್ಲಿ ನೋಡಿದ್ದೇವೆ. ಒಂದು ಕಡೆ ಚುನಾವಣಾ ಆಯೋಗದ ಪೋರ್ಟಲ್ಲು, ಆ್ಯಪು, 1950 ಸಹಾಯವಾಣಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ). ಇನ್ನೊಂದು ಕಡೆ ರೊಕ್ಕ ತಗೊಂಡು ಫಾರಂ ತುಂಬುವ ಖಾಸಗಿ ಸೆಂಟರ್.

ಮೊದಲು ಕಾನೂನು, ಏಕೆಂದರೆ ಸೇವೆ ಕೆಡುವುದು ಅಲ್ಲಿಂದಲೇ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 62(5)ನೇ ಕಲಮು ಜೈಲಿನಲ್ಲೋ ಪೊಲೀಸ್ ವಶದಲ್ಲೋ ಇರುವವರು ಓಟು ಹಾಕುವಂತಿಲ್ಲ ಎನ್ನುತ್ತದೆ. ಇರುವವರು ಎಂದಷ್ಟೇ, ಇದ್ದವರು ಎಂದಲ್ಲ. ಗೇಟು ದಾಟಿದ ದಿನವೇ ಆ ನಿರ್ಬಂಧ ಮುಗಿಯಿತು. ಶಿಕ್ಷೆಯಾಗಿ, ಮೇಲ್ಮನವಿ ಹಾಕಿ ಜಾಮೀನಿನ ಮೇಲೆ ಮನೆಯಲ್ಲಿದ್ದರೂ ಓಟು ಹಾಕಬಹುದು. 2013ರ ತಿದ್ದುಪಡಿ ಇನ್ನೂ ಒಂದು ಮಾತು ಸೇರಿಸಿತು: ಒಳಗಿದ್ದಾಗ ಓಟು ಹಾಕಲಾಗದಿದ್ದರೂ ಪಟ್ಟಿಯಲ್ಲಿ ಹೆಸರಿದ್ದವರು ಮತದಾರರಾಗಿಯೇ ಉಳಿಯುತ್ತಾರೆ. 1950ರ ಇನ್ನೊಂದು ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಮಿನ ಪ್ರಕಾರ ಜೈಲಿನಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಜೈಲು ಅವರ ವಾಸಸ್ಥಳ ಆಗುವುದಿಲ್ಲ. ಅಂದರೆ ಹಿಂಡಲಗಾದಲ್ಲಿ ಏಳು ವರ್ಷ ಇದ್ದವರೂ ಮತದಾನದ ಲೆಕ್ಕಕ್ಕೆ ಗೋಕಾಕದ ತಮ್ಮ ಓಣಿಯವರೇ. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯಾಗಿ ಆರು ವರ್ಷ ಕಳೆಯುವವರೆಗೆ ಚುನಾವಣೆಗೆ ನಿಲ್ಲುವಂತಿಲ್ಲ, ಅದು 1951ರ ಕಾಯ್ದೆಯ 8ನೇ ಕಲಮು. ನಿಲ್ಲುವುದನ್ನೂ ಹಾಕುವುದನ್ನೂ ಒಂದೇ ಗಂಟು ಕಟ್ಟಿ ಮಾತಾಡುವುದರಿಂದಲೇ ಕೌಂಟರಿನ ಆ ಮಾತು ಹುಟ್ಟಿದ್ದು.

ಈಗ ಪೋರ್ಟಲ್. ಲಾಗಿನ್ ಆಗುವ ಮೊದಲೇ ಮಾಡಬೇಕಾದ ಕೆಲಸ ಹುಡುಕಾಟ. ಎಪಿಕ್ (ಓಟರ್ ಕಾರ್ಡ್) ಸಂಖ್ಯೆ ಗೊತ್ತಿದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಹೆಸರು, ತಂದೆ ಅಥವಾ ಗಂಡನ ಹೆಸರು, ಜಿಲ್ಲೆ, ಕ್ಷೇತ್ರ ಹಾಕಿ ನೋಡಬೇಕು. ಬಹಳ ಜನ ಈ ಹೆಜ್ಜೆ ದಾಟಿ ನೇರ ಫಾರಂಗೆ ಹೋಗುತ್ತಾರೆ, ಮುಂದಿನ ರಾಮಾಯಣವೆಲ್ಲ ಅಲ್ಲಿಂದ ಶುರು. ಹೆಸರು ಹಳೆಯ ವಿಳಾಸದಲ್ಲೇ ಇದ್ದು ಮನೆಯೂ ಅದೇ ಆಗಿದ್ದರೆ ಏನೂ ಮಾಡಬೇಕಿಲ್ಲ. ಹೆಸರು ಇದೆ, ಮನೆ ಬದಲಾಗಿದೆ ಎಂದರೆ ಫಾರಂ 8. ಕಾರ್ಡ್ ಕಳೆದಿದ್ದರೂ ಫಾರಂ 8, ಹೆಸರಿನ ಅಕ್ಷರ ತಪ್ಪಿದ್ದರೂ ಫಾರಂ 8. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಮಾತ್ರ ಫಾರಂ 6.

ಹೆಸರು ಹೋಗುವುದು ಹೇಗೆ? ಬಿಎಲ್‌ಒ ಮನೆಗೆ ಬಂದಾಗ ಮನೆಯವರು ಮರ್ಯಾದೆಗೆ ಅಂಜಿ "ಅಂವಾ ಊರಾಗಿಲ್ರಿ" ಎಂದಿರುತ್ತಾರೆ. ಇಲ್ಲವೇ ಊರಿನ ಆಗದವರು ಹೆಸರು ತೆಗೆಸುವ ಫಾರಂ 7 ಹಾಕಿ ಗೈರುಹಾಜರು ಅಥವಾ ಸ್ಥಳಾಂತರ ಎಂದು ಬರೆದಿರುತ್ತಾರೆ. ತೆಗೆಯುವ ಮೊದಲು ವಿಚಾರಣೆಗೆ ಅವಕಾಶ ಕೊಡಬೇಕು ಎಂದು 1950ರ ಕಾಯ್ದೆಯ 22ನೇ ಕಲಮು ಹೇಳುತ್ತದೆ, ಆದರೆ ನೋಟಿಸು ಬೀಗ ಹಾಕಿದ ಬಾಗಿಲಿಗೆ ಹೋದರೆ ಉತ್ತರ ಕೊಡುವವರು ಯಾರು?

ಫಾರಂ 6ಕ್ಕೆ ಬೇಕಾದದ್ದು ಇಷ್ಟೇ: ಒಂದು ಫೋಟೊ, ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಮನೆಯವರೊಬ್ಬರ ಎಪಿಕ್ ವಿವರ. ವಯಸ್ಸಿಗೆ ಜನನ ಪ್ರಮಾಣಪತ್ರ, ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಹತ್ತನೆಯ ಇಯತ್ತೆಯ ಸರ್ಟಿಫಿಕೇಟು, ಪಾಸ್‌ಪೋರ್ಟು, ಯಾವುದಾದರೂ ಒಂದು. ವಿಳಾಸಕ್ಕೆ ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್ಕು, ನೀರು, ಕರೆಂಟು, ಗ್ಯಾಸಿನ ಬಿಲ್ಲು, ಹೊಲದ ಕಂದಾಯ ದಾಖಲೆ, ನೋಂದಾಯಿತ ಬಾಡಿಗೆ ಕರಾರು. ಶಿಕ್ಷೆಯ ಬಗ್ಗೆ ಕೇಳುವ ಕಾಲಮ್ಮು ಇದರಲ್ಲಿಲ್ಲ. ಜೈಲಿನ ಬಿಡುಗಡೆ ಪತ್ರವನ್ನು ಲಗತ್ತಿಸುವ ಅಗತ್ಯವೂ ಇಲ್ಲ. ಕೆಲವರು ಪ್ರಾಮಾಣಿಕತೆ ತೋರಿಸಲು ಅದನ್ನೇ ವಿಳಾಸದ ದಾಖಲೆ ಎಂದು ಏರಿಸುತ್ತಾರೆ, ಪಟ್ಟಿಯಲ್ಲಿಲ್ಲದ ದಾಖಲೆ ಎಂದು ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆಯೇ ಇಲ್ಲದವರಿಗೂ ದಾರಿಯಿದೆ: ಮಲಗುವ ಜಾಗವನ್ನು ಬರೆಯಬೇಕು, ಬಿಎಲ್‌ಒ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಪೋರ್ಟಲ್ಲಿನ ದೊಡ್ಡ ದೋಷ ಅಕ್ಷರದ್ದು. ಇಂಗ್ಲಿಷಿನಲ್ಲಿ ಹೆಸರು ಟೈಪ್ ಮಾಡಿದರೆ ಕನ್ನಡ ತಾನೇ ಮೂಡುತ್ತದೆ. ಆದರೆ ಇಂಗ್ಲಿಷಿಗೆ ಲ-ಳ ಗೊತ್ತಿಲ್ಲ, ದ-ಡ ಗೊತ್ತಿಲ್ಲ. ಬಾಳಪ್ಪ ಬಲಪ್ಪ ಆಗುತ್ತಾನೆ, ಹುನಗುಂದ ಹುನಗುಂಡ, ಇಂಡಿ ಇಂದಿ, ತಾಳಿಕೋಟಿ ತಲಿಕೋಟಿ. ಆ ಕನ್ನಡದ ಚೌಕದೊಳಗೆ ಕರ್ಸರ್ ಇಟ್ಟು ಕೈಯಾರೆ ತಿದ್ದಬಹುದು, ತಿದ್ದಲೇಬೇಕು. ಎರಡನೆಯ ತೊಡಕು ಓಟಿಪಿ. ವರ್ಷಗಟ್ಟಲೆ ರಿಚಾರ್ಜ್ ಕಾಣದ ಸಿಮ್ಮು ಸತ್ತಿರುತ್ತದೆ, ಆ ನಂಬರು ಬೇರೆಯವರ ಕೈ ಸೇರಿದ್ದರೂ ಆಶ್ಚರ್ಯವಿಲ್ಲ. ಮೊದಲು ಹೊಸ ಸಿಮ್ಮು, ಆಮೇಲೆ ಆಧಾರಿಗೆ ಆ ನಂಬರಿನ ಜೋಡಣೆ, ಆಮೇಲೆ ಪೋರ್ಟಲ್. ಈ ಕ್ರಮ ತಪ್ಪಿದರೆ ಅರ್ಧಕ್ಕೆ ನಿಲ್ಲುತ್ತದೆ. ಆ್ಯಪಿನಲ್ಲೂ ಇದೇ ಕಥೆ. ಐದಕ್ಕೆ ಮೂರು ಅಂಕ.

ಕಾಗದದ ಫಾರಂ ಬಿಎಲ್‌ಒ ಕೈಗೋ ತಹಶೀಲ್ದಾರ್ ಕಚೇರಿಯ ಚುನಾವಣಾ ಶಾಖೆಗೋ ಕೊಟ್ಟರೆ ಈ ಎರಡೂ ತಾಪತ್ರಯ ಇಲ್ಲ. ಬಿಎಲ್‌ಒ ಹೆಚ್ಚಾಗಿ ಅಂಗನವಾಡಿ ಟೀಚರೋ ಸಾಲಿ ಮಾಸ್ತರೋ ಆಗಿರುತ್ತಾರೆ, ಬಾಳಪ್ಪನನ್ನು ಬಲಪ್ಪ ಎಂದು ಅವರು ಬರೆಯುವುದಿಲ್ಲ. ಯಾರು ನಿಮ್ಮ ಬಿಎಲ್‌ಒ ಎಂದು 1950ಕ್ಕೆ ಫೋನ್ ಮಾಡಿದರೆ ತಿಳಿಯುತ್ತದೆ. ಸ್ವೀಕೃತಿ ಚೀಟಿ ಹರಿದು ಕೊಡುವವರೆಗೆ ಎದ್ದು ಬರಬಾರದು, ಅಷ್ಟೇ. ನಾಲ್ಕು ಅಂಕ.

ಖಾಸಗಿ ಸೆಂಟರಿನಲ್ಲಿ ಕೆಲಸ ಹತ್ತು ನಿಮಿಷದ್ದು. ದರಪಟ್ಟಿ ಗೋಡೆಯ ಮೇಲೆ ಇರುವುದಿಲ್ಲ, ಮುಖ ನೋಡಿ ಹೇಳುತ್ತಾರೆ. ಜೈಲಿನಿಂದ ಬಂದವರ ಮುಖದಲ್ಲಿ ಗಾಬರಿ ಇರುತ್ತದೆ, ಗಾಬರಿಗೆ ದರ ಹೆಚ್ಚು. ವೇಗ, ಸ್ಕ್ಯಾನರ್, ಫೋಟೊ ಸಣ್ಣದು ಮಾಡುವ ಕೈಚಳಕ, ಇವಕ್ಕೆ ರೊಕ್ಕ ಕೊಡುವುದು ತಪ್ಪಲ್ಲ. ಕೆಡುವುದು ಫಾರಂ ಆರಿಸುವಲ್ಲಿ. ಹುಡುಕಿ ನೋಡದೆ ಎಲ್ಲರಿಗೂ ಫಾರಂ 6 ಹಾಕಿದರೆ ಹಳೆಯ ಹೆಸರು ಇದ್ದೂ ಹೊಸ ಅರ್ಜಿ ಹೋಗುತ್ತದೆ. ಫಾರಂ 6ರ ಕೊನೆಗೆ ಒಂದು ಘೋಷಣೆ ಇದೆ: ಬೇರೆಲ್ಲೂ ನನ್ನ ಹೆಸರು ನೋಂದಣಿಯಾಗಿಲ್ಲ ಎಂದು. ಗೊತ್ತಿದ್ದೂ ಸುಳ್ಳು ಘೋಷಣೆ ಮಾಡಿದರೆ 1950ರ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಟಿಕ್ ಹಾಕಿದವನು ಸೆಂಟರಿನವನು, ಆದರೆ ಘೋಷಣೆ ನಿಮ್ಮ ಹೆಸರಿನಲ್ಲಿ. ಕೇಳಿದಾಗ ಉತ್ತರ ಕೊಡಬೇಕಾದವರೂ ನೀವೇ. ಒಮ್ಮೆ ಕೋರ್ಟು ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಎರಡು ಅಂಕ, ಅದೂ ಸ್ಕ್ಯಾನರಿಗೆ.

ಮುಕ್ತ ಮಾರುಕಟ್ಟೆಯನ್ನು ನಂಬುವವರು ಇಲ್ಲಿ ಒಂದು ವಾದ ಹೂಡುತ್ತಾರೆ: ಬಿಡಿ, ಸೆಂಟರುಗಳು ಪೈಪೋಟಿ ಮಾಡಲಿ, ಕೆಟ್ಟದ್ದು ತಾನೇ ಮುಚ್ಚುತ್ತದೆ. ಮೊಬೈಲ್ ರಿಪೇರಿಗೆ ಇದು ಸರಿ. ಫೋನು ಮತ್ತೆ ಕೆಟ್ಟರೆ ಗಿರಾಕಿ ಮರುದಿನವೇ ಬಂದು ಜಗಳ ಮಾಡುತ್ತಾನೆ. ಮತದಾರರ ಪಟ್ಟಿಯ ತಪ್ಪು ಗೊತ್ತಾಗುವುದು ಮತದಾನದ ದಿನ ಬೂತಿನಲ್ಲಿ, ಆಗ ಜಗಳ ಮಾಡಿ ಫಲವಿಲ್ಲ. ಗಿರಾಕಿ ಮತ್ತೆ ಅದೇ ಕೆಲಸಕ್ಕೆ ಬರುವುದೂ ಇಲ್ಲ.

ಆದರೆ ಕೈದಿಗಳ ಓಟಿನ ವಿಷಯದಲ್ಲಿ ಇದೇ ಪಂಥದವರು ಎರಡು ಹೋಳು. ಕರಾರು ಮುರಿದವನು ಕರಾರಿನ ಲಾಭ ಕೇಳಬಾರದು ಎನ್ನುವವರು ಒಂದು ಕಡೆ. ಸರ್ಕಾರದ ಕೈ ಉದ್ದವಾಗಬಾರದು ಎಂದು ನಂಬಿದ ಮೇಲೆ, ಯಾರು ಮತದಾರ ಎಂದು ಆರಿಸುವ ಕತ್ತರಿಯನ್ನು ಅದೇ ಸರ್ಕಾರದ ಕೈಗೆ ಕೊಡುವುದು ಹೇಗೆ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ತೂಕವಿದೆ. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಸರ್ಕಾರದ ಹಿಡಿತವನ್ನು ಲೈಸೆನ್ಸ್-ಪರ್ಮಿಟ್ ರಾಜ್ ಎಂದು ಜರೆದ ರಾಜಾಜಿ (ಸಿ. ರಾಜಗೋಪಾಲಾಚಾರಿ) ಸ್ವತಃ ಶಿಕ್ಷೆ ಅನುಭವಿಸಿದ ಕೈದಿ. 1921ರ ಕೊನೆಯಲ್ಲಿ ವೆಲ್ಲೂರು ಜೈಲು, 1930ರಲ್ಲಿ ವೇದಾರಣ್ಯದ ಉಪ್ಪಿನ ಸತ್ಯಾಗ್ರಹಕ್ಕೆ ಮತ್ತೆ ಜೈಲು, 1937ರಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿ, ಅಂದರೆ ಈಗಿನ ಮುಖ್ಯಮಂತ್ರಿಯಂಥ ಹುದ್ದೆ.

ಓಟಿಗೆ ಬೆಲೆ ಕಟ್ಟಿದರೆ ಏನಾಗುತ್ತದೆ ಎಂದು ನೋಡಲು ಅಮೆರಿಕದ ಫ್ಲಾರಿಡಾ ಇದೆ. 2018ರಲ್ಲಿ ಅಲ್ಲಿನ ಮತದಾರರು ನೂರಕ್ಕೆ 64ಕ್ಕೂ ಹೆಚ್ಚು ಪಾಲು ಬೆಂಬಲ ಕೊಟ್ಟು, ಕೊಲೆ ಮತ್ತು ಲೈಂಗಿಕ ಅಪರಾಧದವರನ್ನು ಬಿಟ್ಟು ಉಳಿದವರಿಗೆ ಶಿಕ್ಷೆ ಮುಗಿದ ಮೇಲೆ ಓಟು ಮರಳಿ ಕೊಟ್ಟರು. ಮರುವರ್ಷ ಶಾಸನಸಭೆ ಕೋರ್ಟಿನ ದಂಡ, ಶುಲ್ಕ, ಪರಿಹಾರ ಎಲ್ಲ ತೀರಿಸಿದ ಮೇಲೆಯೇ ಶಿಕ್ಷೆ ಮುಗಿದಂತೆ ಎಂದಿತು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಯಾರದು ಎಷ್ಟು ಬಾಕಿ ಎಂದು ಹೇಳುವ ಒಂದೇ ಲೆಕ್ಕದ ಪುಸ್ತಕ ಮಾತ್ರ ಇರಲಿಲ್ಲ.

ನಮ್ಮಲ್ಲಿ ಹಾಗಿಲ್ಲ ಎಂದು ಎದೆ ತಟ್ಟಿಕೊಳ್ಳುವ ಮೊದಲು ಜಾಮೀನನ್ನು ನೆನೆಯಬೇಕು. 2022ರ ರಾಷ್ಟ್ರೀಯ ಕಾರಾಗೃಹ ಅಂಕಿಅಂಶದಲ್ಲಿ ದೇಶದ ಕೈದಿಗಳಲ್ಲಿ ನೂರಕ್ಕೆ 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು, ಅಂದರೆ ತಪ್ಪು ಸಾಬೀತಾಗದವರು. ಶ್ಯೂರಿಟಿಗೆ ಹೊಲದ ಪಹಣಿ ತರಬಲ್ಲವನು ಹೊರಗೆ ಬಂದು ಓಟು ಹಾಕುತ್ತಾನೆ, ತರಲಾಗದವನು ಒಳಗೇ ಕೂತು ಮತದಾನದ ದಿನದ ಊಟ ಮಾಡುತ್ತಾನೆ. 62(5)ನ್ನು ಸುಪ್ರೀಂ ಕೋರ್ಟ್ 1997ರಲ್ಲೇ ಎತ್ತಿಹಿಡಿದಿದೆ. ಇದಕ್ಕೆ ಪೋರ್ಟಲ್ಲಿನಲ್ಲಿ ಯಾವ ಫಾರಮ್ಮೂ ಇಲ್ಲ.

ಎರಡು ಅಪವಾದ ಸೆಂಟರಿನವರಿಗೆ ಗೊತ್ತಿರುವುದೇ ಅಪರೂಪ. ಮುನ್ನೆಚ್ಚರಿಕೆಯ ಬಂಧನಕ್ಕೆ, ಅಂದರೆ ಅಪರಾಧ ತಡೆಯಲೆಂದು ಮೊದಲೇ ಹಿಡಿದಿಟ್ಟದ್ದಕ್ಕೆ, 62(5) ಅನ್ವಯಿಸದು. ಹಿಂಡಲಗಾದಲ್ಲಿ ಗೂಂಡಾ ಕಾಯ್ದೆಯಡಿ ಇರುವವರು ಒಳಗಿಂದಲೇ ಅಂಚೆ ಮತ ಹಾಕಬಹುದು. ಅದಕ್ಕೆ ಚುನಾವಣೆ ಘೋಷಣೆಯಾದ 15 ದಿನದೊಳಗೆ ಹೆಸರು, ವಿಳಾಸ, ಪಟ್ಟಿಯ ಕ್ರಮಸಂಖ್ಯೆ, ಬಂಧನದ ಜಾಗ ಬರೆದು ಚುನಾವಣಾಧಿಕಾರಿಗೆ ಕಳಿಸಬೇಕು. ಮನೆಯವರು ಕ್ರಮಸಂಖ್ಯೆ ಹುಡುಕಿ ಜೈಲಿಗೆ ಮುಟ್ಟಿಸದಿದ್ದರೆ ಆ ಕಾಗದ ಹೊರಡುವುದಿಲ್ಲ. ಇನ್ನೊಂದು ಅಪವಾದ ಉಲ್ಟಾ ದಿಕ್ಕಿನದು: ಹೊರಗಿದ್ದರೂ ಓಟು ಹೋಗುವ ಪ್ರಸಂಗ. ಓಟಿಗೆ ಲಂಚ ಕೊಟ್ಟದ್ದು ಅಥವಾ ತಗೊಂಡದ್ದು, ಬೇರೆಯವರ ಹೆಸರಲ್ಲಿ ಓಟು ಹಾಕಿದ್ದು ಸಾಬೀತಾದರೆ 1951ರ ಕಾಯ್ದೆಯ 11ಎ ಕಲಮಿನಂತೆ ಆರು ವರ್ಷ ಓಟಿಲ್ಲ. ಕೊಲೆ ಮಾಡಿ ಶಿಕ್ಷೆ ಮುಗಿಸಿ ಬಂದವನಿಗೆ ಓಟಿದೆ, ನೋಟು ತಗೊಂಡು ಸಿಕ್ಕಿಬಿದ್ದವನಿಗೆ ಇಲ್ಲ. ಓಟನ್ನೂ ಮಾರಬಾರದೇಕೆ ಎನ್ನುವ ಕಟ್ಟಾ ಮಾರುಕಟ್ಟೆವಾದಿಗಳು ಈ ಕಲಮನ್ನು ಒಮ್ಮೆ ಓದಬೇಕು. ನಿಮ್ಮ ಮೇಲಿನ ತೀರ್ಪು ಯಾವ ಕಲಮಿನದು ಎಂದು ತೀರ್ಪಿನ ನಕಲು ನೋಡಿಯೇ ಫಾರಂ ತುಂಬಿ.

ಸಮಯದ ಲೆಕ್ಕ ಹೀಗಿದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗೆ ಯಾವ ಹೆಸರೂ ಸೇರುವುದಿಲ್ಲ, ಅದಕ್ಕೂ ಮೊದಲು ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಅರ್ಜಿ ತಿರಸ್ಕಾರವಾದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಕಾರ್ಡು ಕೈಸೇರದಿದ್ದರೂ ಹೆಸರು ಪಟ್ಟಿಯಲ್ಲಿದ್ದರೆ ಆಧಾರ್, ಉದ್ಯೋಗ ಖಾತ್ರಿ ಕಾರ್ಡು, ಫೋಟೊ ಇರುವ ಪಾಸ್‌ಬುಕ್ಕು ಬೂತಿನಲ್ಲಿ ನಡೆಯುತ್ತವೆ. ಮನೆಗೆ ಹಂಚುವ ಓಟರ್ ಸ್ಲಿಪ್ ಒಂದನ್ನೇ ಹಿಡಿದು ಹೋದರೆ ನಡೆಯುವುದಿಲ್ಲ.