ಹುದುಗು ಪೂರ್ತಿ ನಿಲ್ಲದ ಬಿಯರನ್ನು ಬಾಟಲಿಗೆ ತುಂಬಬೇಡಿ

ಮನೆಯಲ್ಲಿ ಬಿಯರ್ ಮಾಡುವವರು ದಯವಿಟ್ಟು ಓದಿ. ಬೇಸಿಗೆಯಲ್ಲಿ ಡಲ್ಲಾಸ್‌ನ ನಮ್ಮ ಭಾವನ ಗ್ಯಾರೇಜಿನಲ್ಲಿ ಬಿಯರ್ ಬಾಟಲಿಗಳು ಒಂದರ ಹಿಂದೊಂದು ಸಿಡಿದವು. ಗಾಜಿನ ಚೂರುಗಳು ಗೋಡೆಗೆ ನಾಟಿದ್ದವು. ಮಕ್ಕಳ ಸೈಕಲ್ ನಿಲ್ಲಿಸುವುದೂ ಅಲ್ಲೇ. ಅವರು ಒಳಗೆ ಊಟಕ್ಕೆ ಕೂತಿದ್ದರಿಂದ ಬಚಾವಾದರು.

ಬಾಟಲಿಯೊಳಗೆ ಗ್ಯಾಸ್ ಹುಟ್ಟಲೆಂದು ತುಂಬುವಾಗ ಹಾಕುವ ಸಕ್ಕರೆ ಜಾಸ್ತಿಯಾಯಿತೇ ಎಂದು ಎಲ್ಲರೂ ಕೇಳಿದರು. ಇಲ್ಲ. 19 ಲೀಟರಿಗೆ 115 ಗ್ರಾಂ ಕಾರ್ನ್ ಶುಗರ್ ತೂಗಿ, ಕುದಿಸಿ, ಸಮನಾಗಿ ಬೆರೆಸಿದ್ದರು. ಬಿಯರಿನಲ್ಲಿ ಮೊದಲೇ ಇದ್ದ ಗ್ಯಾಸೂ ಸೇರಿ ಅದು ಸುಮಾರು 2.2 ವಾಲ್ಯೂಮ್, ಅಂದರೆ ಒಂದು ಲೀಟರ್ ಬಿಯರಿನಲ್ಲಿ 2.2 ಲೀಟರ್ ಇಂಗಾಲದ ಡೈಆಕ್ಸೈಡ್. ಮಾಮೂಲಿ ಬಾಟಲಿ ಅಷ್ಟನ್ನು ಆರಾಮಾಗಿ ತಡೆಯುತ್ತದೆ.

ಕೆಡುಕು ಮಾಡಿದ್ದು ಯೀಸ್ಟ್. ಅದು ಸೇಸಾನ್ ಎಂಬ ಬೆಲ್ಜಿಯಂ ಶೈಲಿಯ ಬಿಯರಿಗೆ ಬಳಸುವ, ಡಯಾಸ್ಟಾಟಿಕಸ್ ಜಾತಿಯದು. ಬೇರೆ ಯೀಸ್ಟ್ ಮುಟ್ಟದೆ ಬಿಡುವ ಡೆಕ್ಸ್ಟ್ರಿನ್ನುಗಳನ್ನೂ (ಪಿಷ್ಟದ ತುಣುಕುಗಳು) ಅದು ಒಡೆದು ವಾರಗಟ್ಟಲೆ ನಿಧಾನವಾಗಿ ತಿನ್ನುತ್ತಲೇ ಇರುತ್ತದೆ. ಹುದುಗುವ ಪಾತ್ರೆಯಿಂದ ಗ್ಯಾಸ್ ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತ್ತು, ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಸಕ್ಕರೆ ಕರಗಿದಂತೆ ಇಳಿಯುತ್ತದೆ) ಅಳೆಯುವ ಹೈಡ್ರೋಮೀಟರ್ 1.010 ತೋರಿಸಿತ್ತು, ತುಂಬಿದರು. ಒಡೆಯದೆ ಉಳಿದ ಬಾಟಲಿಯಲ್ಲಿ ಅಳೆದಾಗ 1.004! ಗ್ರ್ಯಾವಿಟಿ 0.001 ಇಳಿದರೆ ಸರಿಸುಮಾರು ಅರ್ಧ ವಾಲ್ಯೂಮ್ ಗ್ಯಾಸ್ ಹುಟ್ಟುತ್ತದೆ. ಹಾಗಾಗಿ ಇನ್ನೂ ಮೂರು ವಾಲ್ಯೂಮ್ ಸೇರಿ ಐದು ದಾಟಿತು, ಹತ್ತಿರ ಹತ್ತಿರ ಶಾಂಪೇನಿನಷ್ಟು. ಶಾಂಪೇನ್ ಬಾಟಲಿ ಅಷ್ಟು ದಪ್ಪಗಿರುವುದು ಇದಕ್ಕೇ. ಟೆಕ್ಸಸ್ ಸೆಕೆ ಒತ್ತಡವನ್ನು ಇನ್ನಷ್ಟು ಏರಿಸಿತು.

ಗುಳ್ಳೆಯನ್ನು ನಂಬಲೇಬೇಡಿ. ಮೂರು ದಿನ ಬಿಟ್ಟು ಮತ್ತೆ ಅಳೆದಾಗಲೂ ಗ್ರ್ಯಾವಿಟಿ ಅಷ್ಟೇ ಇರಬೇಕು. ಡಯಾಸ್ಟಾಟಿಕಸ್ ಆದರೆ ಅದೂ ಸಾಲದು, ವಾರಗಳ ಅಂತರದಲ್ಲಿ ನೋಡಿ. ಯೀಸ್ಟ್ ಪ್ಯಾಕೆಟ್ಟಿನ ಮೇಲೆ ಆ ಹೆಸರಿದೆಯೇ ಎಂದು ಕೊಳ್ಳುವಾಗಲೇ ಓದಿ. ಅಂದಕ್ಕೆ ಮಾರುವ ಚೌಕಾಕಾರದ ಬಾಟಲಿಗಳು ಒತ್ತಡಕ್ಕೆ ಮಾಡಿದವಲ್ಲ, ಅವು ಬೇಡವೇ ಬೇಡ. ಪ್ರತಿ ಸಲ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲೂ ತುಂಬಿಡಿ: ಹಿಸುಕಿದರೆ ಕಲ್ಲಿನಂತೆ ಗಟ್ಟಿಯಾದ ದಿನವೇ ಉಳಿದವನ್ನೆಲ್ಲ ಫ್ರಿಜ್ಜಿಗೆ ಸೇರಿಸಿ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದೊಳಗಿಟ್ಟರೆ ಸಿಡಿದರೂ ಚೂರು ಹಾರುವುದಿಲ್ಲ.

ಬೆಂಗಳೂರಿನಲ್ಲಿ ಮನೆಯಲ್ಲೇ ಕೊಂಬುಚಾ (ಹುದುಗಿಸಿದ ಟೀ), ಜಿಂಜರ್ ಬಿಯರ್ ತುಂಬಿಡುವವರಿಗೂ ಇದೇ ಅಪಾಯವಿದೆ. ಅವುಗಳಲ್ಲಿ ತಿನ್ನಲು ಉಳಿದ ಸಕ್ಕರೆ ಇನ್ನೂ ಹೆಚ್ಚು.

ಈಗಾಗಲೇ ಒಂದು ಬಾಟಲಿ ಒಡೆದಿದ್ದರೆ ಉಳಿದವನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಕಂಬಳಿ ಹೊದಿಸಿ, ಮಕ್ಕಳನ್ನು ದೂರವಿಡಿ. ಬಿಸಿಲಿಳಿದ ಮೇಲೆ ಕಣ್ಣಿಗೆ ಗಾಗಲ್, ಕೈಗೆ ದಪ್ಪ ಗ್ಲೌಸ್ ಹಾಕಿ ತಣ್ಣನೆಯ ಜಾಗಕ್ಕೆ ಒಯ್ಯಿರಿ. ಚೆನ್ನಾಗಿ ತಣಿದ ಮೇಲೆ ಟವೆಲ್ ಸುತ್ತಿ ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಗ್ಯಾಸ್ ಬಿಡಿ.